ಹಿಡಿದಿಟ್ಟ ಸೀಟು

ಅವರ ಹೆಸರು ಬರೆಯುವುದಿಲ್ಲ. ಜೀವಮಾನವೆಲ್ಲ ಸಂಶೋಧನೆ ಮಾಡಿದರೂ ತಮ್ಮೆದುರು ಕಷ್ಟಸುಖ ಹೇಳಿಕೊಂಡ ಒಬ್ಬ ಹೆಂಗಸಿನ ಹೆಸರನ್ನೂ ಅವರು ಅಚ್ಚು ಹಾಕಿಸಿದವರಲ್ಲ. "ಹೆಸರು ಬಂದರೆ ಮಾತು ಊರೆಲ್ಲ ಸುತ್ತಿ ಅವರ ಮನೆ ಬಾಗಿಲಿಗೇ ವಾಪಸ್ ಬರುತ್ತೆ ಟೀಚರ್" ಎನ್ನುತ್ತಿದ್ದರು. ಅವರು ಮಾಡಿದ ಕಾನೂನು ಅವರಿಗೂ ಇರಲಿ. ಇಲ್ಲಿ ಬರುವ ಉಳಿದ ಹೆಂಗಸರ ಹೆಸರುಗಳನ್ನೂ ಬದಲಾಯಿಸಿದ್ದೇನೆ. ಬದಲಾಯಿಸದೆ ಬಿಟ್ಟಿರುವುದು ರೈಲೊಂದನ್ನೇ.

ಆ ರೈಲು ಬೆಳಗಿನ ಜಾವ ಮಾರಿಕುಪ್ಪಂನಲ್ಲಿ ಹುಟ್ಟಿ, ನಮ್ಮ ಚಿನ್ನದ ಗಣಿಯ ಸ್ಟೇಷನ್ನುಗಳನ್ನೆಲ್ಲ ಮುಟ್ಟಿ, ಬಂಗಾರಪೇಟೆಗೆ ಬಂದು, ಅಲ್ಲಿಂದ ಬೆಂಗಳೂರಿನ ದಾರಿ ಹಿಡಿಯುತ್ತದೆ. ಗಣಿ ಮುಚ್ಚಿದ ಮೇಲೆ ನಮ್ಮೂರಿನ ಅರ್ಧ ಹೊಟ್ಟೆ ತುಂಬಿಸುತ್ತಿರುವುದು ಅದೇ. ನಾನು ಆಂಡರ್ಸನ್‌ಪೇಟೆಯವಳು. ಮಾಲೂರಿನ ಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಚಾಂಪಿಯನ್ ಸ್ಟೇಷನ್ನಿನಲ್ಲಿ ಹತ್ತುತ್ತೇನೆ. ಅಲ್ಲೇ ಒಂದು ಬೆಳಿಗ್ಗೆ ಅವರು ನನ್ನ ಪಕ್ಕ ಬಂದು ನಿಂತದ್ದು. ಕಾಟನ್ ಸೀರೆ, ಕಾಲಿಗೆ ಗಂಡಸರ ಬಿಳಿ ಬೂಟು, ಹೆಗಲಿಗೆ ಬಟ್ಟೆ ಚೀಲ. ಅರವತ್ತು ದಾಟಿದ ತೆಳ್ಳನೆಯ ಹೆಂಗಸು.

"ನೀವು ದಿನಾ ಈ ಗಾಡೀಲಿ ಹೋಗ್ತೀರಲ್ಲ, ಎಲ್ಲಿ ಕೂತ್ಕೋತೀರಿ?" ಎಂದು ಕೇಳಿದರು.

"ಸೀಟಿನ ಮೇಲೆ" ಎಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಬೆಳಿಗ್ಗೆ ಕಾಫಿ ಸರಿಯಾಗದಿದ್ದರೆ ಇನ್ನೂ ಮುಂದಕ್ಕೆ ಬಂದಿರುತ್ತದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಬಾಯಿ ತುಂಬ ನಕ್ಕು, ನಗು ಕೆಮ್ಮಾಗಿ, ಚೀಲದಿಂದ ಬಾಯಿಗೆ ಹೊಡೆದುಕೊಳ್ಳುವ ಉಬ್ಬಸದ ಪಂಪು ತೆಗೆದು ಎಳೆದುಕೊಂಡು, "ಒಳ್ಳೇ ಉತ್ತರ. ನನ್ನದು ಕೆಟ್ಟ ಪ್ರಶ್ನೆ" ಎಂದರು. ಅವತ್ತೇ ನಾನು ಅವರಿಗೆ ಸೋತೆ ಎಂದು ಕಾಣುತ್ತದೆ.

ಮೈಸೂರಿನ ಕಡೆಯವರು. ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸಿ ನಿವೃತ್ತರಾಗಿದ್ದರು. ಒಬ್ಬೊಬ್ಬರ ಮನಸ್ಸಿನ ಕಾಯಿಲೆ ನೋಡುವ ಮನಶ್ಶಾಸ್ತ್ರವಲ್ಲ, ಗುಂಪಿನ ಮನಸ್ಸಿನದು. ನಮ್ಮವರು, ಬೇರೆಯವರು ಎಂದು ಜನ ಹೇಗೆ ಭಾಗವಾಗುತ್ತಾರೆ, ಆ ಭಾಗದ ಗೋಡೆಯನ್ನು ಯಾಕೆ ಹೆಂಗಸರ ತಲೆಯ ಮೇಲೇ ಕಟ್ಟುತ್ತಾರೆ, ಧರ್ಮ ಅದರೊಳಗೆ ಎಲ್ಲಿಂದ ನುಗ್ಗುತ್ತದೆ, ಇದು ಅವರ ಕೆಲಸ. ಗಲಾಟೆಯಾದ ಊರುಗಳಿಗೆ ಹೋಗಿ, ಗಲಾಟೆ ತಣ್ಣಗಾದ ಮೇಲೆ ಅಡುಗೆಮನೆಗಳಲ್ಲಿ ಕೂತು ಹೆಂಗಸರ ಮಾತು ಕೇಳುತ್ತ ಬಂದವರು. "ಒಡೆದದ್ದನ್ನೇ ನೋಡಿ ನೋಡಿ ಸಾಕಾಗಿದೆ ಟೀಚರ್. ಒಡೆಯದೆ ಇರೋದು ಒಂದನ್ನ ನೋಡಿ ಸಾಯಬೇಕು" ಎಂದು ನಮ್ಮೂರಿಗೆ ಬಂದಿದ್ದರು. ಯಾರೋ ಅವರಿಗೆ ನಮ್ಮ ರೈಲಿನ ಸುದ್ದಿ ಹೇಳಿದ್ದರಂತೆ. ಆಂಡರ್ಸನ್‌ಪೇಟೆಯಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಬಾಡಿಗೆಗೆ ಮನೆ ಹಿಡಿದರು.

ಕೇಳಿಸಿಕೊಳ್ಳುವಾಗ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಿದ್ದರು. ಕಣ್ಣು ಸುಮ್ಮನಿದ್ದರೆ ಕಿವಿ ನೆಟ್ಟಗೆ ಕೆಲಸ ಮಾಡುತ್ತದಂತೆ. 'ಯಾಕೆ' ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. 'ಆಮೇಲೆ?' ಎನ್ನುತ್ತಿದ್ದರು ಅಷ್ಟೆ. "ಯಾಕೆ ಅಂತ ಕೇಳಿದರೆ ಎಲ್ಲರೂ ಲಾಯರ್ ಆಗಿಬಿಡ್ತಾರೆ. ಆಮೇಲೆ ಅಂದರೆ ಮನುಷ್ಯರಾಗಿಯೇ ಇರ್ತಾರೆ." ಬೋಗಿಯ ಹೆಂಗಸರು ಅವರಿಗೆ 'ಕೇಳೋ ಮೇಡಂ' ಎಂದು ಹೆಸರಿಟ್ಟರು. ಎದುರಿಗೇ ಕರೆಯುತ್ತಿದ್ದರು. ಅವರು ಓ ಎನ್ನುತ್ತಿದ್ದರು.

ಒಮ್ಮೆ ತಮ್ಮ ತಾಯಿಯ ಮಾತು ತೆಗೆದರು. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಸಾಬರ ಹುಡುಗಿ ಇವರ ಜೀವದ ಗೆಳತಿ. ಊರಲ್ಲಿ ಏನೋ ಗದ್ದಲವಾದ ಮೇಲೆ ತಾಯಿ ಆ ಹುಡುಗಿಗೆ ಅಂತ ಬೇರೆ ಲೋಟ ಎತ್ತಿಟ್ಟಳಂತೆ. ಬಯ್ಯಲಿಲ್ಲ, ಬರಬೇಡ ಅನ್ನಲಿಲ್ಲ, ಮೊದಲಿಗಿಂತ ಹೆಚ್ಚೇ ಸಕ್ಕರೆ ಹಾಕಿ ಹಾಲು ಕೊಟ್ಟಳು. ಲೋಟ ಮಾತ್ರ ಬೇರೆ. "ನಮ್ಮಮ್ಮ ಒಳ್ಳೆಯವಳು ಟೀಚರ್. ಕೆಟ್ಟವಳಾಗಿದ್ದಿದ್ದರೆ ನಾನು ಈ ಕೆಲಸಕ್ಕೇ ಬರ್ತಿರಲಿಲ್ಲ. ಕೆಟ್ಟವರು ಕೆಟ್ಟದ್ದು ಮಾಡೋದರಲ್ಲಿ ತಿಳಿಯೋಕೆ ಏನಿದೆ?"

ಇನ್ನು ಅವರು ನೋಡಲು ಬಂದದ್ದೇನು ಎಂದು ಹೇಳಬೇಕು. ನಮ್ಮ ಗಾಡಿ ಬಂಗಾರಪೇಟೆ ಮುಟ್ಟುವ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿ ಹತ್ತುವವರು ಹಳ್ಳಿಗಳ ಹೆಂಗಸರು. ಹಾಲು ಕರೆದು, ಡೇರಿಗೆ ಹಾಕಿ, ಮನೆಗೆಲಸ ಮುಗಿಸಿ ಓಡಿ ಬಂದವರು. ಅವರಿಗೆ ಸೀಟು ಸಿಗಬೇಕಾದರೆ ಮೊದಲೇ ಹತ್ತಿದ ಕೆಜಿಎಫ್‌ನವರು ಹಿಡಿದಿಟ್ಟಿರಬೇಕು. ಟವೆಲ್ಲೋ ವೇಲೋ ಚೀಲವೋ ಹಾಕಿ, ಯಾರಾದರೂ ಕೂರಲು ಬಂದರೆ 'ಆಳು ಬತ್ತಾರೆ' ಎನ್ನಬೇಕು. ತಮಿಳಿನವರು 'ಆಳ್ ಇರ್ಕು' ಎನ್ನುತ್ತಾರೆ. ಯಾವ ಭಾಷೆಯಲ್ಲಿ ಹೇಳಿದರೂ ಆ ಸೀಟು ಮುಟ್ಟುವಂತಿಲ್ಲ. ನಮ್ಮಲ್ಲಿ ರೈಲ್ವೆಯವರ ಕಾನೂನಿಗಿಂತ ಗಟ್ಟಿಯಾದ ಕಾನೂನು ಅದು.

ನಮ್ಮ ಗುಂಪಿಗೆ ಸೀಟು ಹಿಡಿಯುತ್ತಿದ್ದವಳು ಷಾಹೀನಾ. ಕೆಜಿಎಫ್‌ನ ನಂದಿದುರ್ಗ ಗಣಿಯ ಲೈನಿನಲ್ಲಿ, ಎಂದರೆ ಕೂಲಿಯವರ ಸಾಲುಮನೆಗಳಲ್ಲಿ, ಅಣ್ಣನ ಮನೆಯಲ್ಲಿದ್ದಳು. ಗಂಡ ಬಿಟ್ಟುಹೋಗಿದ್ದ, ಒಬ್ಬಳು ಮಗಳು. ವೈಟ್‌ಫೀಲ್ಡ್ ಹತ್ತಿರದ ಬಟ್ಟೆ ಹೊಲಿಯುವ ಫ್ಯಾಕ್ಟರಿಯಲ್ಲಿ ಕೆಲಸ. ಮನೆಗೆ ಹತ್ತಿರದ ಸ್ಟೇಷನ್ನನ್ನು ಬಿಟ್ಟು, ಸೀಟು ಹಿಡಿಯಲೆಂದೇ ಹಿಂದಕ್ಕೆ ಮಾರಿಕುಪ್ಪಂವರೆಗೆ ಹೋಗಿ ಖಾಲಿ ಗಾಡಿ ಹತ್ತುತ್ತಿದ್ದಳು. ಕಿಟಕಿ ಪಕ್ಕದ ಸೀಟು ಯಾವತ್ತೂ ಲಕ್ಷ್ಮಕ್ಕನಿಗೆ. ಲಕ್ಷ್ಮಕ್ಕ ಕ್ಯಾಸಂಬಳ್ಳಿ ಕಡೆಯ ಹಳ್ಳಿಯವಳು, ಎರಡು ಸೀಮೆಹಸು, ಒಂದಿಷ್ಟು ರಾಗಿ ಹೊಲ. ವೈಟ್‌ಫೀಲ್ಡಿನ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಾಳೆ. ಮಗ ಬೈಕಿನಲ್ಲಿ ಬಂಗಾರಪೇಟೆಗೆ ತಂದು ಬಿಡುತ್ತಾನೆ. ಇವರಿಬ್ಬರು, ನಾನು, ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದ ಊರ್ಗಾಂನ ರಾಣಿ. ರಾಣಿ ಚರ್ಚಿಗೆ ಹೋಗುವವಳು. ಅದು ಕೂಡ ನನಗೆ ನೆನಪಾಗುತ್ತಿದ್ದದ್ದು ಕ್ರಿಸ್‌ಮಸ್ ಕೇಕು ಬಂದಾಗ ಮಾತ್ರ.

ಗಾಡಿ ಬಂಗಾರಪೇಟೆ ಬಿಟ್ಟು ವೇಗ ಹಿಡಿದ ಕೂಡಲೆ ಡಬ್ಬಿಗಳ ಮುಚ್ಚಳ ತೆಗೆಯುತ್ತಿದ್ದೆವು. ಎಲ್ಲ ಡಬ್ಬಿಗಳೂ ಕೈಯಿಂದ ಕೈಗೆ ಸುತ್ತು ಹೊರಡುತ್ತಿದ್ದವು. ನಿನಗೆ ಬೇಕಾದ್ದು ಒಂದು ತುತ್ತು ತೆಗೆದುಕೊ, ಮುಂದಕ್ಕೆ ಕೊಡು. ತಿರುಗಿ ಬಂದಾಗ ನಿನ್ನ ಡಬ್ಬಿಯಲ್ಲಿ ಏನು ಉಳಿದಿದೆಯೋ ಅದು ನಿನ್ನ ತಿಂಡಿ. ರೈಲಿಗೆ ಮಾಂಸ ತರಬಾರದು ಎಂದು ಕಾನೂನು ಮಾಡಿದ್ದವಳು ಷಾಹೀನಾಳೇ. "ಎಲ್ರೂ ತಿನ್ನೋ ಹಂಗೆ ಇರ್ಬೇಕು ಅಕ್ಕಾ, ಇಲ್ಲಾಂದ್ರೆ ಸುತ್ತಲ್ಲಿ ಏನ್ ಮಜಾ?" ಅವಳ ನಿಂಬೆಹಣ್ಣಿನ ಚಿತ್ರಾನ್ನ ಅವಳ ಕೈಗೆ ತಿರುಗಿ ಬಂದದ್ದನ್ನು ನಾನು ನೋಡಿಲ್ಲ. ಖಾಲಿ ಡಬ್ಬಿ ನೋಡಿ ಲಕ್ಷ್ಮಕ್ಕನೇ ತನ್ನ ಅರ್ಧ ರೊಟ್ಟಿ ಮುರಿದು ಅದರೊಳಗೆ ಹಾಕುತ್ತಿದ್ದಳು. "ತಿನ್ನಮ್ಮಿ, ಮಿಷಿನ್ ಮುಂದೆ ಕುಂತ್ರೆ ತಲೆ ಸುತ್ತಾದೆ."

ಕೇಳೋ ಮೇಡಂ ಮೊದಲ ಸಲ ಆ ಸುತ್ತನ್ನು ಕಂಡಾಗ ಕನ್ನಡಕ ತೆಗೆದರು. ಕಣ್ಣು ಒರೆಸಿಕೊಂಡರು. "ಇದನ್ನ ಯಾರು ಶುರು ಮಾಡಿದ್ದು?" ಎಂದರು. ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವರು ಚಿಕ್ಕ ಮಗುವಿನ ಹಾಗೆ ಖುಷಿಯಾಗಿಬಿಟ್ಟರು. ಯಾರೂ ಯೋಚನೆ ಮಾಡಿ ಕಟ್ಟಿದ್ದಲ್ಲ, ಅದಕ್ಕೇ ನಿಂತಿದೆ ಎಂದು ಸಂಜೆ ನಮ್ಮ ಮನೆಯಲ್ಲಿ ಕೂತು ಹೇಳಿದ್ದೇ ಹೇಳಿದ್ದು. ಸೀಟಿಗೆ ಷಾಹೀನಾ ಬೇಕು, ದೂರದ ದಾರಿಗೆ ಜೊತೆಯಾಗಿ ಲಕ್ಷ್ಮಕ್ಕ ಬೇಕು. ಒಬ್ಬರಿಗೊಬ್ಬರು ಬೇಕಾದ ಕಡೆ ಹಗೆ ಬೇರು ಬಿಡುವುದಿಲ್ಲ ಎಂಬುದು ಅವರ ನಂಬಿಕೆ. ಆ ನಂಬಿಕೆಗೆ ಜೀವಮಾನವಿಡೀ ಸಾಕ್ಷಿ ಹುಡುಕುತ್ತಿದ್ದರು. ಕೊನೆಗೂ ಸಿಕ್ಕಿತು ಎಂದುಕೊಂಡರು, ಪಾಪ.

ಕೆಲವು ತಿಂಗಳು ಸುಮ್ಮನೆ ನಮ್ಮ ಜೊತೆ ಓಡಾಡಿದರು. ಆಮೇಲೆ ಬೋಗಿಯ ಹೆಂಗಸರನ್ನು ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೂರಿಸಿಕೊಂಡು ಮಾತಾಡಿಸಿದರು. ಅದು ಅವರ ಶಾಸ್ತ್ರದ ಪದ್ಧತಿ. ಗುಂಪಿನಲ್ಲಿ ಕೇಳಿದರೆ ಗುಂಪಿನ ಉತ್ತರ ಬರುತ್ತದಂತೆ. ಮನೆ, ಗಂಡ, ಮಕ್ಕಳು, ಸಂಬಳ ಎಲ್ಲ ಆಗಿ ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು. "ಡಬ್ಬಿ ಸುತ್ತು ಬರುವಾಗ ಯಾರದಾದರೂ ಡಬ್ಬಿಯಿಂದ ತಗೊಳ್ಳದೆ ಬಿಟ್ಟದ್ದುಂಟಾ?"

ನನ್ನನ್ನು ಕೇಳಿದಾಗ, "ರಾಣಿಯ ಉಪ್ಪಿಟ್ಟು ಬಿಡ್ತೀನಿ. ಅದನ್ನ ನಾಯೀನೂ ಬಿಡುತ್ತೆ" ಎಂದೆ. ಲಕ್ಷ್ಮಕ್ಕ ಬಂಗಾರಪೇಟೆಯ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ನಕ್ಕಳಂತೆ. "ಯಾರ್ದು ಯಾವ್ದು ಅಂತ ಯಾರ್ ನೋಡ್ತಾರೆ ಮೇಡಂ? ಒಟ್ಟೆ ಅಸ್ದಿರ್ತದೆ, ಕೈಗ್ ಬಂದಿದ್ದು ತಿಂತೀವಿ." ಮೇಡಂಗೆ ಅದಕ್ಕಿಂತ ಒಳ್ಳೆಯ ಉತ್ತರ ಬೇಕಿರಲಿಲ್ಲ. ಆ ಸಂಜೆ ನಮ್ಮ ಮನೆಗೆ ಮೈಸೂರು ಪಾಕು ತಂದುಕೊಟ್ಟರು.

ಮಾರನೆಯ ದಿನ ಡಬ್ಬಿಗಳು ಸುತ್ತು ಹೊರಟವು. ಲಕ್ಷ್ಮಕ್ಕ ಕೈಗೆ ಬಂದ ಡಬ್ಬಿಯನ್ನು ಒಂದು ಗಳಿಗೆ ಹಿಡಿದುಕೊಂಡಳು. ಅದರ ಮೇಲಿನ ಹೂವಿನ ಚಿತ್ರ ನೋಡಿದಳು. ಯಾರದು ಎಂದು ನೋಡಿದಳು. ಆಮೇಲೆ ತುತ್ತು ತೆಗೆದಳು. ತೆಗೆದಳು, ನಿಜ. ಆದರೆ ನೋಡಿದ್ದಳು. ಎದುರಿಗೆ ಕೂತಿದ್ದ ಷಾಹೀನಾ, ಅವಳು ನೋಡಿದ್ದನ್ನು ನೋಡಿದಳು. ನನ್ನ ಪಕ್ಕದಲ್ಲಿ ಮೇಡಂ ಕನ್ನಡಕ ಹಾಕಿಕೊಂಡರು.

ಅಲ್ಲಿಂದ ಮುಂದಿನದು ಬರೆಯಲು ಕೈ ಬರುವುದಿಲ್ಲ. ಜಗಳ ಆಗಿದ್ದರೆ ಒಳ್ಳೆಯದಿತ್ತು, ನಾನೇ ನಡುವೆ ನಿಂತು ಇಬ್ಬರಿಗೂ ಬಯ್ದು ಸರಿ ಮಾಡುತ್ತಿದ್ದೆ. ಜಗಳ ಆಗಲಿಲ್ಲ. "ನನ್ ಡಬ್ಬಿ ಹೆಸ್ರು ಹೇಳಿದ್ರಾ ಅಕ್ಕಾ, ಮೇಡಂ ಹತ್ರ?" ಎಂದು ಷಾಹೀನಾ ನಗುನಗುತ್ತಲೇ ಕೇಳಿದಳು. "ಥೂ, ಬುಡು ಅತ್ಲಾಗೆ" ಎಂದು ಲಕ್ಷ್ಮಕ್ಕ ನಗುನಗುತ್ತಲೇ ಹೇಳಿದಳು. ಇಬ್ಬರೂ ಕಿಟಕಿ ಕಡೆ ತಿರುಗಿದರು. ಮುಂದಿನ ವಾರ ಲಕ್ಷ್ಮಕ್ಕ, "ಇವತ್ತು ಸೋಮಾರ, ಒಪ್ಪತ್ತು" ಎಂದಳು. ಆಮೇಲೆ ಮಂಗಳವಾರ ಅಮ್ಮನವರ ದಿನವಾಯಿತು, ಗುರುವಾರ ರಾಯರದು, ಶನಿವಾರ ತಿಮ್ಮಪ್ಪನದು. ವಾರದ ಪ್ರತಿ ದಿನಕ್ಕೂ ಒಬ್ಬೊಬ್ಬ ದೇವರಿದ್ದಾನೆ ಎಂಬುದು ನನಗೆ ಗೊತ್ತಾದದ್ದೇ ಆಗ. ಷಾಹೀನಾ ಚಿತ್ರಾನ್ನದ ಡಬ್ಬಿಯನ್ನು ತೆರೆಯುವುದನ್ನೇ ಬಿಟ್ಟಳು.

ಸೀಟು ಹಿಡಿಯುವುದನ್ನು ಮಾತ್ರ ಬಿಡಲಿಲ್ಲ. ಬಂಗಾರಪೇಟೆಯಲ್ಲಿ ಲಕ್ಷ್ಮಕ್ಕ ಹತ್ತುತ್ತಿದ್ದಳು, ಹತ್ತಿ ಬಾಗಿಲ ಹತ್ತಿರವೇ ಬೆನ್ನು ತಿರುಗಿಸಿ ನಿಂತುಬಿಡುತ್ತಿದ್ದಳು. ಕಿಟಕಿ ಪಕ್ಕದ ಸೀಟಿನ ಮೇಲೆ ಷಾಹೀನಾಳ ವೇಲು. ಯಾರಾದರೂ ಕೇಳಿದರೆ ಷಾಹೀನಾ, "ಆಳು ಬತ್ತಾರೆ" ಎನ್ನುತ್ತಿದ್ದಳು. ಬರಬೇಕಾದ ಆಳು ನಾಲ್ಕು ಮಾರು ದೂರದಲ್ಲಿ ಕಂಬ ಹಿಡಿದುಕೊಂಡು ನಿಂತಿದೆ. ಇಡೀ ಬೋಗಿ ನೋಡುತ್ತಿದೆ. ಅಯ್ಯೋ, ಆ ಹುಡುಗಿಯ ಮುಖ! ನಾನು ಎದ್ದು ಹೋಗಿ ಲಕ್ಷ್ಮಕ್ಕನ ರಟ್ಟೆ ಹಿಡಿದು ಎಳೆದೆ. ಅವಳು ಬರಲಿಲ್ಲ.

ಮೇಡಂ ಅವತ್ತಿನಿಂದ ಬೇರೆ ಮನುಷ್ಯರಾದರು. ಊಟ ಬಿಟ್ಟರು. ಮುಗಿಯುತ್ತ ಬಂದಿದ್ದ ಲೇಖನವನ್ನು ಕೈಬಿಟ್ಟರು. "ನಾನು ಕೇಳಬಾರದಿತ್ತು ಟೀಚರ್. ಯಾರೂ ನೋಡದೆ ಇದ್ದದ್ದನ್ನ ನೋಡೋ ಹಾಗೆ ಮಾಡಿದವಳು ನಾನು" ಎಂದರು. ನನಗೆ ರೇಗಿತು. "ಊರೂರೇ ಹತ್ತಿ ಉರೀತಿದೆ. ಫೋನ್ ತೆಗೆದರೆ ಅದೇ, ಟಿವಿ ಹಾಕಿದರೆ ಅದೇ. ನಿಮ್ಮ ಒಂದು ಪ್ರಶ್ನೆ ಯಾವ ಲೆಕ್ಕ ಮೇಡಂ?" ಎಂದು ಕೂಗಾಡಿದೆ. ಅವರು ಕೂಗಾಡಲಿಲ್ಲ. "ಆ ಬೆಂಕಿ ಈ ಬೋಗಿಯೊಳಗೆ ಬಂದಿರಲಿಲ್ಲ. ಬಾಗಿಲು ತೆಗೆದದ್ದು ನಾನೇ" ಎಂದರು. ಬೇರೆ ಏನು ಹೇಳಿದರೂ ಆ ಮಾತಿನಿಂದ ಅವರು ಈಚೆಗೆ ಬರಲಿಲ್ಲ.

ಒಂದು ಭಾನುವಾರ ನನ್ನನ್ನೂ ಎಳೆದುಕೊಂಡು ಲಕ್ಷ್ಮಕ್ಕನ ಹಳ್ಳಿಗೆ ಹೋದರು. ಕ್ಯಾಸಂಬಳ್ಳಿಯಲ್ಲಿ ಬಸ್ಸಿಳಿದು, ಉಬ್ಬಸದಲ್ಲಿ ನಿಂತು ನಿಂತು ನಡೆದರು. ಲಕ್ಷ್ಮಕ್ಕ ಹಸುವಿಗೆ ನೀರು ಕುಡಿಸುತ್ತಿದ್ದವಳು ನಮ್ಮನ್ನು ಕಂಡು ಕೊಡ ಅಲ್ಲೇ ಇಟ್ಟಳು. ಹಾಲು ಕಾಯಿಸಿ ಕೊಟ್ಟಳು. ಮೇಡಂ ಲೋಟವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಎಂದೂ ಕೇಳದಿದ್ದ ಪ್ರಶ್ನೆ ಕೇಳಿದರು.

"ಯಾಕೆ ಲಕ್ಷ್ಮಕ್ಕ?"

ಲಕ್ಷ್ಮಕ್ಕ ಬಾಗಿಲ ಕಡೆ ನೋಡಿ ಸಣ್ಣ ದನಿಯಲ್ಲಿ ಹೇಳಿದಳು. "ನನ್ ಮಗಳ್ಗೆ ಮದ್ವೆ ಗೊತ್ತಾಗ್ಯದೆ ಮೇಡಂ. ಬೀಗರ ಮಗ್ಳು ಅದೇ ಬೋಗಿಲಿ ಬತ್ತಾಳೆ. ಬಂಗಾರಪೇಟೇಲೇ ಅತ್ತೋದು. 'ನಿಮ್ಮತ್ತೆ ಯಾರ್ ಯಾರ್ ಕೈಯಾಗ್ ತಿಂತಾಳೆ' ಅಂತ ಮನೇಲಿ ಅವ್ರಣ್ಣಂಗೆ ಹೇಳವ್ಳೆ. ಅವ್ರು ನಮ್ಮೋರ್ನ ಕರ್ಸಿ ಕೇಳವ್ರೆ. ಒಂದ್ ಮಾತು ಎಚ್ಚುಕಮ್ಮಿ ಆದ್ರೆ ಮದ್ವೆ ನಿಂತೋಯ್ತದೆ. ಆಗ ನನ್ ಗಂಡ ನನ್ನ ಬುಟ್ಟಾನಾ? ಷಾಹೀನಾ ಮ್ಯಾಲೆ ನಂಗೇನ್ ಕ್ವಾಪ? ಅವ್ಳು ಹಿಡ್ದ ಸೀಟು ನೋಡುದ್ರೆ ಕಳ್ಳು ಕಿತ್ತು ಬತ್ತದೆ. ನೀವು ಒಬ್ಬೊಬ್ರನ್ನೇ ಕೇಳೋಗಂಟ ನಂಗೂ ಅದು ಕಂಡಿರ್ಲಿಲ್ಲ, ಬೇರೇರ್ಗೂ ಕಂಡಿರ್ಲಿಲ್ಲ. ಈಗ ಎಲ್ಲಾರ್ಗೂ ಕಂಡದೆ. ಕಂಡಿದ್ನ ಎಂಗಮ್ಮ ಕಾಣ್ದಂಗೆ ಮಾಡ್ಲಿ?"

ಮೇಡಂ ಆ ಮಾತಿಗೆ ತಲೆ ತಗ್ಗಿಸಿದರು. ಗಂಡಸರ ಮಾನವನ್ನು ಕಾಯಲು ಹೆಂಗಸಿಗೆ ಹೆಂಗಸನ್ನೇ ಕಾವಲು ಹಾಕಿರುತ್ತಾರೆ ಎಂದು ಅವರೇ ಎಷ್ಟೋ ಕಡೆ ಬರೆದಿದ್ದರಂತೆ. ಬರೆದದ್ದು ಕೈಗೆ ಬರಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಹೊಲಗಳ ಕಡೆ ನೋಡುತ್ತ ಕೂತಿದ್ದರು. "ಇಷ್ಟು ವರ್ಷ ಓದಿ, ಓದಿಸಿ, ನನ್ನ ಹತ್ತಿರ ಆಕೆಗೆ ಹೇಳೋಕೆ ಒಂದು ಮಾತಿಲ್ಲ ಟೀಚರ್, ಒಂದು ಮಾತಿಲ್ಲ" ಎಂದರು.

ಅದಕ್ಕಿಂತ ದೊಡ್ಡ ಪೆಟ್ಟು ನಂದಿದುರ್ಗದ ಲೈನಿನಲ್ಲಿ ಕಾದಿತ್ತು. ಷಾಹೀನಾಳ ಅಣ್ಣ ಅವಳನ್ನು ಅಷ್ಟು ದೂರದ ಕೆಲಸಕ್ಕೆ ಬಿಟ್ಟಿದ್ದದ್ದೇ ಲಕ್ಷ್ಮಕ್ಕ ಜೊತೆಗಿದ್ದಾಳೆ ಎಂದು. ಇಬ್ಬರೂ ವೈಟ್‌ಫೀಲ್ಡಿನಲ್ಲಿ ಇಳಿಯುವವರು, ಸಂಜೆ ಒಟ್ಟಿಗೆ ಹಿಂತಿರುಗುವವರು. ನಾನು ಮಾಲೂರಿಗೇ ಇಳಿದುಬಿಡುತ್ತೇನೆ. ರಾಣಿಗೆ ಅಷ್ಟರಲ್ಲಿ ಪಾಳಿ ಬದಲಾಗಿ ಬೇರೆ ಗಾಡಿಯಾಗಿತ್ತು. ಬೋಗಿಯಲ್ಲಿ ನಡೆಯುತ್ತಿರುವುದು ಯಾರದೋ ಬಾಯಿಂದ ಅಣ್ಣನ ಕಿವಿಗೆ ಬಿತ್ತು. ನಾವು ಹೋದಾಗ ಅವನು ಲೈನಿನ ಮುಂದೆ ಯಾವುದೋ ಆಟೋ ಬಿಚ್ಚಿಕೊಂಡು ಕೂತಿದ್ದ. ಎದ್ದು, ಗ್ರೀಸಿನ ಕೈ ಒರೆಸಿಕೊಂಡು, ಮೇಡಂಗೆ ಸ್ಟೂಲು ಹಾಕಿದ.

"ನಾನ್ ಕೆಟ್ಟೋನಲ್ಲ ಮೇಡಂ. ಆ ಅಕ್ಕ ಇದಾರೆ ಅಂತ ಕಳಿಸ್ತಿದ್ದೆ. ಈಗ ಆ ಅಕ್ಕಾನೇ ಮುಖ ತಿರುಗಿಸ್ಕೊಂಡ್ರೆ, ನಾಳೆ ಗಾಡೀಲಿ ಯಾರಾದ್ರೂ ಏನಾದ್ರೂ ಅಂದ್ರೆ ಇವಳ ಪರ ಯಾರು ನಿಲ್ತಾರೆ? ಮನೇಲೇ ಮಿಷಿನ್ ಹಾಕಿ ಕೊಡ್ತೀನಿ. ಹೋಗೋದು ಬೇಡ."

ಒಳಗಿನಿಂದ ಷಾಹೀನಾ ಬಾಗಿಲಿಗೆ ಬಂದು ನಿಂತಿದ್ದಳು. "ಮನೇಲಿ ಮಿಷಿನ್ ಹಾಕಿದ್ರೆ ರವಿಕೆ ಹೊಲೀಬೋದು ಭಾಯ್. ಬೆಳಿಗ್ಗೆ ಎದ್ದು ಎಲ್ಲಿಗ್ ಹೋಗ್ಲಿ ನಾನು?" ಎಂದಳು. ಅಣ್ಣ ಆಟೋದ ಕಡೆ ತಿರುಗಿದ. ಗಂಡ ಬಿಟ್ಟುಹೋದ ಮೇಲೆ ಅವಳಿಗೆ ತನ್ನದು ಅಂತ ಇದ್ದದ್ದು ಆ ರೈಲು, ಆ ಸೀಟು, ಸಂಜೆಯವರೆಗಿನ ಕೆಲಸ. ಅದೂ ಹೋದರೆ ಅವಳು ಆ ಲೈನಿನ ಒಂದು ಕೋಣೆಯಲ್ಲಿ ಅತ್ತಿಗೆಯ ಕಣ್ಣಳತೆಯಲ್ಲಿ ಉಳಿಯಬೇಕು.

"ನಾನಿರ್ತೀನಿ ಜೊತೆಗೆ" ಎಂದರು ಮೇಡಂ. "ದಿನಾ. ಹೋಗ್ತಾ ಬರ್ತಾ."

ನಾನು ಬಾಯಿಬಿಟ್ಟು ನಿಂತೆ. ಅಣ್ಣನೂ. ಆದರೆ ಅವರು ಹೇಳಿದಂತೆ ಮಾಡಿದರು. ಚಳಿಗಾಲ ಶುರುವಾಗಿತ್ತು. ನಮ್ಮಲ್ಲಿ ಚಳಿಯ ಜೊತೆ ಗಣಿಯ ಹಳೆಯ ಮಣ್ಣಿನ ದಿಬ್ಬಗಳಿಂದ ಧೂಳೂ ಏಳುತ್ತದೆ. ಉಬ್ಬಸದವರಿಗೆ ಅದು ವಿಷ. ಡಾಕ್ಟರು ಹೊರಗೆ ಕಾಲಿಡಬೇಡಿ ಎಂದಿದ್ದರು. ಮಂಕಿ ಟೋಪಿ ಹಾಕಿ, ಶಾಲು ಹೊದ್ದು, ಬಿಳಿ ಬೂಟಿನಲ್ಲಿ ಚಾಂಪಿಯನ್ ಸ್ಟೇಷನ್ನಿಗೆ ಬಂದು ನಿಲ್ಲುತ್ತಿದ್ದರು. ವೈಟ್‌ಫೀಲ್ಡಿನವರೆಗೆ ಷಾಹೀನಾಳ ಜೊತೆ ಹೋಗಿ, ಅಲ್ಲೇ ಸ್ಟೇಷನ್ನಿನಲ್ಲಿ ಓದಿಕೊಂಡು, ಸಂಜೆ ಅವಳ ಜೊತೆ ಹಿಂತಿರುಗುತ್ತಿದ್ದರು. ದಿನಾ ತಮ್ಮದೊಂದು ಡಬ್ಬಿ ತರುತ್ತಿದ್ದರು. ಗಾಡಿ ಬಂಗಾರಪೇಟೆ ಬಿಟ್ಟ ಕೂಡಲೆ ಅದರ ಮುಚ್ಚಳ ತೆಗೆದು, ಷಾಹೀನಾಳಿಂದ ಒಂದು ತುತ್ತು ತೆಗೆಸಿ, ನನಗೆ ಕೊಟ್ಟು, ಆಮೇಲೆ ಎದ್ದು ಆ ನೂಕುನುಗ್ಗಲಿನಲ್ಲಿ ಬಾಗಿಲವರೆಗೂ ಹೋಗಿ ಲಕ್ಷ್ಮಕ್ಕನ ಮುಂದೆ ಹಿಡಿಯುತ್ತಿದ್ದರು. ಲಕ್ಷ್ಮಕ್ಕ, "ಇವತ್ತು ಒಪ್ಪತ್ತು ಮೇಡಂ" ಎನ್ನುತ್ತಿದ್ದಳು. "ಆಗಲಿ, ನಾಳೆ" ಎಂದು ಹಿಂತಿರುಗುತ್ತಿದ್ದರು. ಬೀಗರ ಮಗಳು ಮೂಲೆಯಲ್ಲಿ ಕೂತು ಫೋನು ನೋಡುವ ಹಾಗೆ ಮಾಡಿ ಎಲ್ಲ ನೋಡುತ್ತಿದ್ದಳು.

"ಈ ವಯಸ್ಸಿನಲ್ಲಿ ನಿಮಗಿದು ಬೇಕಾ? ಸಾಯ್ತೀರಿ" ಎಂದು ನಾನು ಬಯ್ಯದ ದಿನವಿಲ್ಲ. ಬಯ್ದು ಬಯ್ದು ಅತ್ತಿದ್ದೂ ಉಂಟು. "ಇನ್ನೇನು ಮಾಡಲಿ ಹೇಳಿ, ಅದನ್ನೇ ಮಾಡ್ತೀನಿ" ಎಂದು ನನ್ನ ಕೈ ಹಿಡಿದುಕೊಂಡರು ಒಮ್ಮೆ. ಆ ಕೈ ತಣ್ಣಗೆ ಕೊರೆಯುತ್ತಿತ್ತು. ಕೇಳುವುದನ್ನೇ ಕೆಲಸ ಮಾಡಿಕೊಂಡಿದ್ದವರು ಅಷ್ಟೊತ್ತಿಗೆ ಯಾರನ್ನೂ ಏನೂ ಕೇಳುತ್ತಿರಲಿಲ್ಲ. 'ಆಮೇಲೆ?' ಎಂಬ ಮಾತು ಅವರ ಬಾಯಿಂದ ಹೋಗಿಬಿಟ್ಟಿತ್ತು. ಆ ಒಂದು ಮಾತಿಗಾಗಿ ನಾನು ಕಾದು ಕಾದು ಸುಸ್ತಾದೆ.

ಒಂದು ಶುಕ್ರವಾರ ಸಂಜೆ ಹಿಂತಿರುಗುವಾಗ ಗಾಡಿಯಲ್ಲೇ ಮೇಡಂಗೆ ಉಸಿರು ಸಿಕ್ಕಿಕೊಂಡಿತು. ಷಾಹೀನಾ ಬಂಗಾರಪೇಟೆಯಲ್ಲಿ ಇಳಿಸಿ, ಆಟೋ ಹಿಡಿದು ಆಸ್ಪತ್ರೆಗೆ ಸೇರಿಸಿ, ನನಗೆ ಫೋನು ಮಾಡಿದಳು. ಭಾನುವಾರ ನಾನು ಪಕ್ಕದಲ್ಲಿದ್ದೆ. ಮೂಗಿಗೆ ಆಕ್ಸಿಜನ್ ಹಾಕಿದ್ದರು. ಅದನ್ನು ಸ್ವಲ್ಪ ಸರಿಸಿಕೊಂಡು, "ನಾಳೆ ಸೋಮವಾರ ಅಲ್ವಾ ಟೀಚರ್? ಷಾಹೀನಾಗೆ ಜೊತೆ ಯಾರು?" ಎಂದರು. ಸುಮ್ಮನಿರಿ ಮೇಡಂ ಎಂದು ಗದರಿದೆ. ಗದರಿದ್ದಕ್ಕೆ ಸುಮ್ಮನಾದರು. ಮಧ್ಯಾಹ್ನದ ಹೊತ್ತಿಗೆ ಮುಗಿದುಹೋಗಿತ್ತು.

ಅವತ್ತೇ ಸಂಜೆ ಮೈಸೂರಿನಿಂದ ಅವರ ತಮ್ಮ ಬಂದು ದೇಹ ತೆಗೆದುಕೊಂಡು ಹೋಗುವ ಮೊದಲು ಸ್ವಲ್ಪ ಹೊತ್ತು ಬಾಡಿಗೆ ಮನೆಯ ಜಗುಲಿಯಲ್ಲಿ ಮಲಗಿಸಿದ್ದರು. ಬೋಗಿಯ ಹೆಂಗಸರು ಎಷ್ಟೋ ಜನ ಬಂದಿದ್ದರು. ರಾಣಿ ತಮಿಳಿನಲ್ಲಿ ಗೋಳಾಡಿ ಅಳುತ್ತಿದ್ದಳು. ಲಕ್ಷ್ಮಕ್ಕ ಮಗನ ಬೈಕಿನಲ್ಲಿ ಬಂದಿಳಿದಳು. ಒಂದು ಬದಿಯಲ್ಲಿ ಷಾಹೀನಾ ನಿಂತಿದ್ದಳು, ಗೇಟಿನ ಹೊರಗೆ ಅವಳ ಅಣ್ಣ. ಲಕ್ಷ್ಮಕ್ಕ ಮೇಡಂ ಕಾಲಿನ ಹತ್ತಿರ ಕೂತು ಆ ಪಾದಗಳನ್ನು ಮುಟ್ಟಿದಳು. ಆಮೇಲೆ ಎದ್ದು, ನೆಟ್ಟಗೆ ಹೋಗಿ, ಎಲ್ಲರ ಮುಂದೆ ಷಾಹೀನಾಳ ಎರಡೂ ಕೈ ಹಿಡಿದಳು. "ನಾಳೆ ಬಾರೇ. ನಾನಿದೀನಿ. ಮದ್ವೆ ನಿಂತೋದ್ರೆ ನಿಂತೋಗ್ಲಿ, ನಾನಿದೀನಿ ಬಾರೇ" ಎಂದಳು. ಷಾಹೀನಾ ಗೇಟಿನ ಕಡೆ ನೋಡಿದಳು. "ಜೊತೆಗಿದ್ದ ಮೇಡಂ ಹೋದ್ರು, ಮುಗೀತಲ್ಲ ಟೀಚರ್" ಎಂದ ಅಣ್ಣ, ನನಗೆ ಮಾತ್ರ ಕೇಳುವ ಹಾಗೆ.

ಮಾರನೆಯ ದಿನ ಚಾಂಪಿಯನ್‌ನಲ್ಲಿ ಗಾಡಿ ಹತ್ತಿ ಒಳಗೆ ನೋಡಿದೆ. ಬಂಗಾರಪೇಟೆಯಲ್ಲಿ ಹತ್ತಬೇಕಾದ ಲಕ್ಷ್ಮಕ್ಕ ಆಗಲೇ ನಮ್ಮ ಜಾಗದಲ್ಲಿ ಕೂತಿದ್ದಾಳೆ! ಹಾಲು ಕರೆಯುವುದನ್ನು ಮಗಳಿಗೆ ವಹಿಸಿ, ಕತ್ತಲಿರುವಾಗಲೇ ಮಗನ ಬೈಕಿನಲ್ಲಿ ಹಿಂದಕ್ಕೆ ಮಾರಿಕುಪ್ಪಂವರೆಗೆ ಬಂದು ಖಾಲಿ ಗಾಡಿ ಹತ್ತಿದ್ದಳು. ಯಾವತ್ತೂ ತಾನು ಕೂರುತ್ತಿದ್ದ ಕಿಟಕಿ ಪಕ್ಕದ ಸೀಟಿನ ಮೇಲೆ ಟವೆಲ್ಲು ಹಾಸಿ, ಅದರ ಮೇಲೆ ತನ್ನ ಡಬ್ಬಿ ಇಟ್ಟು, ಈಚೆಯ ಸೀಟಿನಲ್ಲಿ ಕೂತಿದ್ದಳು. ನನ್ನನ್ನು ಕಂಡು, "ಅವ್ಳಿನ್ನೂ ಬಂದಿಲ್ಲ ಟೀಚರ್. ಹತ್ರದ್ ಸ್ಟೇಷನ್‌ನಾಗೆ ಹತ್ತಾಳೇನೋ" ಎಂದಳು.

ಊರ್ಗಾಂ ಬಂತು. ಕೋರಮಂಡಲ್ ಬಂತು. ಪ್ರತಿ ಸ್ಟೇಷನ್ನಿನಲ್ಲೂ ಲಕ್ಷ್ಮಕ್ಕ ಕಿಟಕಿಗೆ ಬಗ್ಗಿ ಪ್ಲಾಟ್‌ಫಾರಂ ಉದ್ದಕ್ಕೂ ಕಣ್ಣು ಹಾಯಿಸಿದಳು. ಷಾಹೀನಾ ಬರಲಿಲ್ಲ. ಬಂಗಾರಪೇಟೆಯಲ್ಲಿ ಜನ ನುಗ್ಗಿದರು. ಬೀಗರ ಮಗಳು ತಳ್ಳಿಕೊಂಡು ಬಂದು, ಖಾಲಿ ಸೀಟು ಕಂಡು, "ಅತ್ತೇ, ಇಲ್ಲಿ ಕೂತ್ಕೊಳ್ಳಾ?" ಎಂದಳು. ಲಕ್ಷ್ಮಕ್ಕ ಟವೆಲ್ಲಿನ ಮೇಲೆ ಅಂಗೈ ಊರಿದಳು.

"ಇಲ್ಲ ಕಣಮ್ಮ. ಆಳು ಬತ್ತಾರೆ."

"ಯಾರು?"

"ಷಾಹೀನಾ."

ಆ ಹುಡುಗಿಯ ಮುಖ ಬಿಗಿಯಿತು. ಫೋನು ತೆಗೆದುಕೊಂಡು ಮೂಲೆಗೆ ಹೋದಳು. ಆ ಫೋನಿನಿಂದ ಹೊರಟ ಮಾತು ಸಂಜೆಯೊಳಗೆ ಬೀಗರ ಮನೆ ಮುಟ್ಟುತ್ತದೆ ಎಂದು ಲಕ್ಷ್ಮಕ್ಕನಿಗೆ ಗೊತ್ತಿತ್ತು. ಮುಟ್ಟಿತು ಕೂಡ. ಮದುವೆಯ ಮಾತು ಈಗ ನಿಂತಿದೆ. ಮನೆಯಲ್ಲಿ ಗಂಡ ಮಾತು ಬಿಟ್ಟಿದ್ದಾನೆ.

ಬಂಗಾರಪೇಟೆ ದಾಟಿದ ಮೇಲೆ ಕೆಜಿಎಫ್‌ನವರು ಯಾರೂ ಆ ಗಾಡಿಗೆ ಹತ್ತುವುದಿಲ್ಲ. ಅದು ನನಗೆ ಗೊತ್ತು, ಬೋಗಿಗೆಲ್ಲ ಗೊತ್ತು, ಲಕ್ಷ್ಮಕ್ಕನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದರೂ ಅವಳು ಕೈ ತೆಗೆಯಲಿಲ್ಲ. ಅವತ್ತಷ್ಟೇ ಅಲ್ಲ, ಇವತ್ತಿನವರೆಗೂ ತೆಗೆದಿಲ್ಲ. ಷಾಹೀನಾಳ ಮನೆಗೆ ನಾವಿಬ್ಬರೂ ಹೋಗಿ ಬಂದೆವು. ಮಿಷಿನ್ ಬಂದಿದೆ. ಬಾಗಿಲಿಗೆ ಬೆನ್ನು ಮಾಡಿ ಕೂತು ಹೊಲಿಯುತ್ತಾಳೆ. ಬರ್ತೀನಿ ಅಂತಲೂ ಹೇಳಲಿಲ್ಲ, ಬರಲ್ಲ ಅಂತಲೂ ಹೇಳಲಿಲ್ಲ. ಅಣ್ಣ ಟೀ ಕೊಡಿಸಿದ.

ಮೇಡಂ ಇದ್ದಿದ್ದರೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, 'ಆಮೇಲೆ?' ಎನ್ನುತ್ತಿದ್ದರೋ ಏನೋ. ಆಮೇಲೆ ಏನೂ ಆಗಿಲ್ಲ ಮೇಡಂ. ಇವತ್ತೂ ಮಾಲೂರಿನಲ್ಲಿ ಇಳಿದು ಪ್ಲಾಟ್‌ಫಾರಂ ಮೇಲೆ ನಿಂತೆ. ಒಳಗೆ ಕಾಲಿಡಲು ಜಾಗವಿಲ್ಲ, ಕೂಸು ಎತ್ತಿಕೊಂಡ ಹೆಂಗಸೊಬ್ಬಳು ಆ ಒಂದು ಸೀಟನ್ನು ನೋಡಿ ಕೇಳುತ್ತಿದ್ದಾಳೆ. ಲಕ್ಷ್ಮಕ್ಕ ಎದ್ದು ತನ್ನ ಸೀಟನ್ನು ಅವಳಿಗೆ ಕೊಟ್ಟಳು. ತಾನು ನಿಂತುಕೊಂಡು, ಬಗ್ಗಿ, ಟವೆಲ್ಲಿನ ಮೇಲೆ ಮತ್ತೆ ಕೈಯಿಟ್ಟಳು. ಗಾಡಿ ಹೊರಟಿತು. ಕಿಟಕಿಯಿಂದ ಅವಳ ದನಿ ಕೇಳುತ್ತಿತ್ತು.

"ಇದಲ್ಲ ಕಣಮ್ಮ. ಇಲ್ಲಿಗೆ ಆಳು ಬತ್ತಾರೆ."